ಸೇಬು ಕಾಯಿ ಕಚ್ಚಲಿ ಅಂತ ಹಾರ್ಮೋನ್ ಹೊಡೆದೆ, ನಾಲ್ಕು ವರ್ಷದಲ್ಲಿ ಏನೇನಾಯ್ತು

ಮೊದ್ಲೇ ಹೇಳ್ಬಿಡ್ತೀನಿ, ನಾನು ತೋಟಗಾರಿಕೆ ಓದಿದವನಲ್ಲ, ಕೆಮಿಸ್ಟ್ರಿಯಲ್ಲಿ ಜಸ್ಟ್ ಪಾಸ್ ಆದೋನು. ಅರವತ್ತು ಚಿಲ್ರೆ ಸೇಬಿನ ಮರ ಇದಾವೆ, ಹೆಚ್ಚೂಕಮ್ಮಿ ಎಲ್ಲಾ ರೆಡ್ ಡೆಲಿಷಿಯಸ್, ಒಂದು ಮೂಲೇಲಿ ಗೋಲ್ಡನ್ ಡೆಲಿಷಿಯಸ್ ನಾಲ್ಕು ಮರ, ಅಷ್ಟೇ. ಮರಗಳು ಹೂ ಬಿಡೋದ್ರಲ್ಲಿ ಯಾವತ್ತೂ ಜಿಪುಣತನ ಮಾಡಿದ್ದಿಲ್ಲ. ವಸಂತದಲ್ಲಿ ನೋಡ್ಬೇಕು, ಎಲೆ ಕಾಣಲ್ಲ, ಬರೀ ಹೂವೇ, ನೋಡ್ದೋರೆಲ್ಲ ಈ ವರ್ಷ ನಿಂದೇ ಬೆಳೆ ಬಿಡಪ್ಪಾ ಅಂತಿದ್ರು. ಮೂರು ವಾರ ಕಳೆದ್ರೆ ಮರದ ಕೆಳಗೆ ಹೀಚಿನ ಹಾಸಿಗೆ, ಮರದ ಮೇಲೆ ಅಲ್ಲೊಂದು ಇಲ್ಲೊಂದು ಕಾಯಿ.

ಹೂವೆಲ್ಲ ಕಾಯಾಗ್ಬೇಕು ಅಂತ ಯಾರೂ ಕೇಳಲ್ಲ, ಅದು ಗೊತ್ತು. ಚೆನ್ನಾಗಿ ಹೂ ಬಿಟ್ಟ ಸೇಬಿನ ಮರದಲ್ಲಿ ನೂರಕ್ಕೆ ಐದರಿಂದ ಹತ್ತು ಹೂವು ಕಾಯಿ ಕಚ್ಚಿ ನಿಂತ್ರೆ ಅದೇ ತುಂಬು ಫಸಲು. ನನ್ನ ಮರಗಳು ಆ ಐದನ್ನೂ ಮುಟ್ತಿರಲಿಲ್ಲ, ತೊಂದ್ರೆ ಅಲ್ಲಿತ್ತು.

ಹೀಗಿರುವಾಗ ಔಷಧಿ ಮಾರೋ ಒಬ್ರು, ಹೆಸರು ಬೇಡ, "ಹೀಚು ಉದುರ್ತಾ ಇದೆ ಅಂದ್ರೆ ಹಾರ್ಮೋನ್ ಕಮ್ಮಿ ಆಗಿದೆ ಅಂತ ಅರ್ಥ, ಇದನ್ನ ಒಂದ್ಸಲ ಹೊಡೀರಿ, ಉದುರೋದು ನಿಲ್ಲುತ್ತೆ" ಅಂತ ಒಂದು ಸಣ್ಣ ಬಾಟ್ಲಿ ಕೊಟ್ರು. ಒಳಗಿದ್ದಿದ್ದು ಎನ್‌ಎಎ, ಅಂದ್ರೆ ನ್ಯಾಫ್ತಲೀನ್ ಅಸಿಟಿಕ್ ಆಸಿಡ್, ಆಕ್ಸಿನ್ ಗುಂಪಿನ ಹಾರ್ಮೋನ್. ಬಾಟ್ಲಿ ಮೇಲೆ ಹಣ್ಣು ಉದುರುವಿಕೆ ತಡೆಯುತ್ತದೆ ಅಂತ ದಪ್ಪಕ್ಷರದಲ್ಲಿ ಬರೆದಿತ್ತು, ಸುಳ್ಳೇನಲ್ಲ ಅದು. ನಾನು ಆ ಒಂದು ಸಾಲು ಓದಿ ಉಳಿದಿದ್ದು ಓದ್ಲಿಲ್ಲ. ಹೀಚು ಗೋಲಿಗಿಂತ ಚಿಕ್ಕದು, ಹತ್ತು ಮಿಲಿಮೀಟರ್ ಆಸುಪಾಸು ಇತ್ತು, ಬಿಸಿಲು ಚೆನ್ನಾಗಿತ್ತು, ಒಂದೇ ದಿನದಲ್ಲಿ ಪೂರ್ತಿ ತೋಟಕ್ಕೆ ಹೊಡೆದು ಕೈ ತೊಳ್ಕೊಂಡೆ.

ಹತ್ತು ದಿನಕ್ಕೆ ಮರಗಳು ಬೋಳು ಬೋಳಾದ್ವು. ಹೊಡೀದೇ ಹೋಗಿದ್ರೆ ಇರ್ತಿದ್ದ ಕಾಯಲ್ಲೂ ಅರ್ಧಕ್ಕರ್ಧ ನೆಲದಲ್ಲಿ. ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು.

ಆಮೇಲೆ ಕೂತು ಓದ್ದೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ವಿಷ್ಯ ಏನಪ್ಪಾ ಅಂದ್ರೆ ಈ ಎನ್‌ಎಎಗೆ ಎರಡು ಮುಖ. ಕೊಯ್ಲಿಗೆ ಹತ್ರ ಬಂದಾಗ, ಹಣ್ಣು ತಾನಾಗೇ ಉದುರೋಕೆ ಶುರು ಮಾಡೋ ಹೊತ್ತಲ್ಲಿ ಹೊಡೆದ್ರೆ ತೊಟ್ಟಿನ ಬುಡದಲ್ಲಿ ಕಳಚೋ ಪದರ ಸಡಿಲ ಆಗೋದನ್ನ ತಡೆದು ಹಣ್ಣು ಹಿಡಿದಿಡುತ್ತೆ. ಅದೇ ವಸ್ತುವನ್ನ ಹೆಚ್ಚೂಕಮ್ಮಿ ಅದೇ ಪ್ರಮಾಣದಲ್ಲಿ, 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಹತ್ರ, ಹೀಚು 8ರಿಂದ 12 ಮಿ.ಮೀ. ಇರುವಾಗ ಹೊಡೆದ್ರೆ ದುರ್ಬಲ ಹೀಚುಗಳು ಬೆಳೆಯೋದು ನಿಲ್ಲಿಸಿ ಕಳಚ್ಕೊಳ್ತಾವೆ. ಕಾಯಿ ಜಾಸ್ತಿ ಆದ ತೋಟದೋರು ಬೇಕು ಅಂತ್ಲೇ ಅದಕ್ಕೆ ಬಳಸ್ತಾರೆ, ಥಿನ್ನಿಂಗ್ ಅಂತಾರೆ. ಅಂದ್ರೆ ನಾನು ಕಾಯಿ ಕಡಿಮೆ ಇರೋ ಮರಕ್ಕೆ ಕಾಯಿ ಕಳಚೋ ಔಷಧಿನ, ಕಳಚೋಕೆ ಸರಿಯಾದ ದಿನಾನೇ ಹುಡುಕಿ ಹೊಡೆದಿದ್ದೆ. ಬಾಟ್ಲಿ ತಪ್ಪಲ್ಲ, ತಾರೀಖು ತಪ್ಪು. ಆವತ್ತಿಂದ ಯಾರಾದ್ರೂ ಹಾರ್ಮೋನ್ ಹೊಡೀರಿ ಅಂದ್ರೆ ಯಾವ್ದು, ಎಷ್ಟು ಅಂತ ಕೇಳೋಕೆ ಮುಂಚೆ ಯಾವಾಗ ಅಂತ ಕೇಳ್ತೀನಿ.

ಬಿದ್ದಿದ್ದು, ಉಳಿದಿದ್ದು ಎರಡೂ ತರದ ಹೀಚುಗಳನ್ನ ಅವತ್ತು ಸಿಟ್ಟಲ್ಲೇ ಬ್ಲೇಡ್ ತಗೊಂಡು ಅಡ್ಡಡ್ಡ ಕುಯ್ದೆ. ಸೇಬನ್ನ ಅಡ್ಡ ಕತ್ತರಿಸಿದ್ರೆ ನಡುವೆ ನಕ್ಷತ್ರ ಕಾಣುತ್ತಲ್ಲ, ಐದು ಕೋಣೆ, ಒಂದೊಂದು ಕೋಣೇಲಿ ಎರಡೆರಡು ಬೀಜಕ್ಕೆ ಜಾಗ, ಒಟ್ಟು ಹತ್ತು. ನೆಲದಲ್ಲಿ ಬಿದ್ದಿದ್ದ ಹೀಚುಗಳಲ್ಲಿ ಒಂದು, ಎರಡು, ಬಹಳಷ್ಟರಲ್ಲಿ ಸೊನ್ನೆ, ಬೀಜ ಇರಬೇಕಾದ ಕಡೆ ಕಂದು ಬಣ್ಣದ ಸಿಪ್ಪೆ ತರ ಏನೋ ಒಣಗಿಕೊಂಡಿತ್ತು. ಮರದಲ್ಲಿ ಗಟ್ಟಿಯಾಗಿ ನಿಂತಿದ್ದರಲ್ಲಿ ಆರು, ಏಳು. ಸೊಟ್ಟಗೆ ಬೆಳೀತಿದ್ದ ಒಂದನ್ನ ಕುಯ್ದ್ರೆ ಬೀಜ ಎಲ್ಲಾ ಉಬ್ಬಿದ ಕಡೆ, ಚಪ್ಪಟೆ ಇದ್ದ ಕಡೆ ಕೋಣೆ ಖಾಲಿ.

ಅಲ್ಲಿಗೆ ಉತ್ತರ ಸಿಕ್ಕಂಗಾಯ್ತು. ಹಾರ್ಮೋನ್ ಕಮ್ಮಿ ಅಂತ ಹೇಳ್ದೋರ ಮಾತು ಒಂದು ಲೆಕ್ಕದಲ್ಲಿ ನಿಜಾನೇ, ಯಾಕಂದ್ರೆ ಹೀಚಿಗೆ ಹಾರ್ಮೋನ್ ತಯಾರಿಸಿ ಕೊಡೋ ಫ್ಯಾಕ್ಟರಿ ಅಂದ್ರೆ ಬೀಜ. ಆಕ್ಸಿನ್, ಜಿಬ್ಬರೆಲಿನ್, ಸೈಟೊಕೈನಿನ್ ಎಲ್ಲಾ ಬೆಳೀತಿರೋ ಬೀಜದಿಂದ ಬರುತ್ತೆ, ಅದರ ಜೋರಿಗೇ ಹೀಚು ಮರದಿಂದ ಆಹಾರ ಎಳ್ಕೊಳ್ಳೋದು. ಬೀಜ ಇಲ್ಲ ಅಂದ್ರೆ ಹೀಚಿನ ಪರವಾಗಿ ಮಾತಾಡೋರು ಯಾರೂ ಇಲ್ಲ, ಮರ ಅದನ್ನ ಕೈ ಬಿಡುತ್ತೆ. ನನ್ನ ತೋಟದಲ್ಲಿ ಬೀಜಾನೇ ಕೂಡ್ತಿರಲಿಲ್ಲ. ರೆಡ್ ಡೆಲಿಷಿಯಸ್ ತನ್ನ ಪರಾಗ ತಾನೇ ಒಪ್ಪಲ್ಲ, ಬೇರೆ ಜಾತಿಯ ಪರಾಗ ಬೇಕೇ ಬೇಕು, ಅದು ಇದ್ದಿದ್ದು ಮೂಲೇಲಿ ನಾಲ್ಕೇ ಮರ.

ಎರಡನೇ ವರ್ಷ ಗೋಲ್ಡನ್ ರೆಂಬೆಗಳನ್ನ ಕಡ್ಡಿ ತಗೊಂಡು ಕಸಿ ಮಾಡೋಣ, ಜೇನು ಪೆಟ್ಟಿಗೆ ಇಡೋಣ ಅಂತ ಪ್ಲಾನ್ ಮಾಡ್ಕೊಂಡಿದ್ದೆ. ಕಸಿ ಮಾಡಿದ್ದು ಹೂ ಬಿಡೋಕೆ ಟೈಮ್ ಬೇಕಲ್ಲ, ಹಾಗಾಗಿ ಆ ವರ್ಷಕ್ಕೆ ಗೋಲ್ಡನ್ ಮರದಿಂದ ಹೂ ಬಿಡೋಕೆ ರೆಡಿ ಇರೋ ಕೊಂಬೆಗಳನ್ನ ಕಡಿದು ಬಕೆಟ್ ನೀರಲ್ಲಿ ನಿಲ್ಲಿಸಿ ಸಾಲುಗಳ ಮಧ್ಯೆ ನೇತು ಹಾಕೋದು ಅಂತ. ಎಲ್ಲಾ ಸರಿ ಇತ್ತು. ನಡು ಹೂವು, ಅಂದ್ರೆ ಗೊಂಚಲಿನ ಮಧ್ಯದ್ದು, ಅದು ಮೊದ್ಲು ಅರಳುತ್ತೆ, ದೊಡ್ಡ ಕಾಯಿ ಅದರಿಂದಾನೇ ಬರೋದು, ಆ ನಡು ಹೂವುಗಳು ಅರಳಿ ಸುತ್ತಲಿನವು ಬಾಯಿ ಬಿಡ್ತಾ ಇರೋ ದಿನ ರಾತ್ರಿ ಆಕಾಶ ಕ್ಲಿಯರ್ ಆಯ್ತು, ಗಾಳಿ ನಿಂತು ಹೋಯ್ತು. ಬೆಳಗಿನ ಜಾವ ಎದ್ದು ಥರ್ಮಾಮೀಟರ್ ನೋಡ್ದೆ, ಮೈನಸ್ 3.

ಪೂರ್ತಿ ಅರಳಿದ ಹೂವಿಗೆ ಮೈನಸ್ 2.2 ಡಿಗ್ರಿಯಲ್ಲಿ ಅರ್ಧ ಗಂಟೆ ಅಂದ್ರೆ ನೂರಕ್ಕೆ ಹತ್ತು ಸಾಯ್ತಾವೆ, ಮೈನಸ್ 3.9ಕ್ಕೆ ಹೋದ್ರೆ ತೊಂಬತ್ತು, ಅಂತ ಒಂದು ಲೆಕ್ಕ ಇದೆ. ನಾನು ಆ ಎರಡರ ನಡುವೆ ಸಿಕ್ಕಾಕೊಂಡಿದ್ದೆ. ಹೊರಗಿಂದ ನೋಡಿದ್ರೆ ಹೂವಿಗೆ ಏನೂ ಆಗಿಲ್ಲ, ಅದೇ ಬಿಳಿ, ಅದೇ ತಿಳಿಗುಲಾಬಿ. ಬಿಸಿಲು ಏರೋವರೆಗೂ ಕಾದು ಒಂದೊಂದೇ ಹೂವು ಕಿತ್ತು ಉಗುರಲ್ಲಿ ಬುಡ ಸೀಳಿ ನೋಡ್ತಾ ಹೋದೆ. ಬದುಕಿರೋದ್ರ ಒಳಗೆ ಎಳೆ ಹಸಿರು. ಸತ್ತಿರೋದ್ರ ಒಳಗೆ ಕಪ್ಪು ಚುಕ್ಕೆ, ಶಲಾಕೆಗಳ, ಅಂದ್ರೆ ಹೂವಿನ ನಡುವೆ ಇರೋ ಹೆಣ್ಣು ಕಡ್ಡಿಗಳ, ಬುಡ ಬೀಡಿ ತುದಿ ತರ ಸುಟ್ಟು ಕರಿ. ನಡು ಹೂವುಗಳಲ್ಲಿ ಬಹುತೇಕ ಎಲ್ಲಾ ಕರಿ. ಪಕ್ಕದವು, ಇನ್ನೂ ಅರಳದೇ ಇದ್ದವು, ಸುಮಾರಾಗಿ ಉಳಿದಿದ್ವು.

ಇಂಥಾ ಟೈಮಿಗೇ ಅಂತ ಒಂದು ಮಿಶ್ರಣ ಇದೆ, ಜಿಬ್ಬರೆಲಿನ್ 4+7 ಮತ್ತೆ 6-ಬೆಂಜೈಲ್ ಅಡೆನಿನ್ (ಇದು ಸೈಟೊಕೈನಿನ್ ಗುಂಪಿನದ್ದು), ಎರಡೂ ಸಮ ಪ್ರಮಾಣದಲ್ಲಿ ಸೇರಿಸಿದ್ದು. ಇದನ್ನ ಮಾಮೂಲಾಗಿ ರೆಡ್ ಡೆಲಿಷಿಯಸ್ ಹಣ್ಣು ಉದ್ದ ಬರಲಿ, ಕೆಳಗಿನ ಐದು ಉಬ್ಬು ಎದ್ದು ಕಾಣಲಿ ಅಂತ ಹೊಡೀತಾರೆ. ಹಿಮ ಹೊಡೆದ ಹೂವಿಗೆ ಬೇಗ, ಒಂದು ದಿನದೊಳಗೆ, ಹೊಡೆದ್ರೆ ಬೀಜ ಸತ್ತಿದ್ರೂ ಕಾಯಿ ಮಾತ್ರ ಬೆಳೆಯೋ ಚಾನ್ಸ್ ಇದೆ. ಬೀಜ ಮಾಡ್ಬೇಕಾದ ಕೆಲಸ ಬಾಟ್ಲಿ ಮಾಡುತ್ತೆ ಅನ್ನಿ. ಜಿಬ್ಬರೆಲಿನ್ ಕಥೆ ಒಂದು ತಮಾಷೆ, ಭತ್ತದ ಪೈರು ಹುಚ್ಚುಚ್ಚಾಗಿ ಉದ್ದ ಬೆಳೆದು ಬಿದ್ದು ಹೋಗೋ ಒಂದು ರೋಗ ಇತ್ತು, ಅದಕ್ಕೆ ಕಾರಣ ಒಂದು ಶಿಲೀಂಧ್ರ ಬಿಡೋ ರಸ ಅಂತ ಕುರೊಸಾವಾ ಅನ್ನೋ ಜಪಾನಿ ವಿಜ್ಞಾನಿ 1926ರಲ್ಲಿ ತೋರಿಸಿದ್ರು, ಇವತ್ತಿಗೂ ಕಂಪನಿಗಳು ಅದೇ ಜಾತಿ ಶಿಲೀಂಧ್ರಾನ ದೊಡ್ಡ ಟ್ಯಾಂಕಲ್ಲಿ ಬೆಳೆಸಿ ಜಿಬ್ಬರೆಲಿನ್ ತೆಗೀತಾರೆ. ರೋಗದಿಂದ ಬಂದ ಔಷಧಿ.

ಈ ಸಲ ಲೇಬಲ್ ಎರಡು ಸಲ ಓದ್ದೆ. ಓದಿದ್ದಕ್ಕೆ ಬದುಕ್ಕೊಂಡೆ, ಯಾಕಂದ್ರೆ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 8ಕ್ಕಿಂತ ಜಾಸ್ತಿ ಇದ್ರೆ ಹೊಡೀಬೇಡಿ ಅಂತಿತ್ತು. ನನ್ನ ಬೋರ್ ನೀರು ಚೆಕ್ ಮಾಡಿದ್ರೆ 8.4. ಕ್ಷಾರದ ನೀರಲ್ಲಿ ಜಿಬ್ಬರೆಲಿನ್ ಕೆಟ್ಟು ಹೋಗುತ್ತೆ. ಸಿಟ್ರಿಕ್ ಆಸಿಡ್ ಪುಡಿ ಚೂರ್ ಚೂರೇ ಹಾಕಿ ಕಲಕಿ, ಪಟ್ಟಿ ಅದ್ದಿ ನೋಡಿ, ಮತ್ತೆ ಹಾಕಿ, ಹಂಗೇ 6ರ ಹತ್ರ ಇಳಿಸ್ಕೊಂಡೆ. ಮೊದ್ಲು ನೀರಿನ ಪಿಎಚ್ ಸರಿ ಮಾಡಿ ಆಮೇಲೆ ಔಷಧಿ, ಉಲ್ಟಾ ಅಲ್ಲ. ಇದನ್ನ ಯಾರೂ ಹೇಳಲ್ಲ, ಆಮೇಲೆ ಔಷಧಿ ಡೂಪ್ಲಿಕೇಟು ಅಂತ ಬೈತಾರೆ.

ಹೊಡೆಯೋ ಹೊತ್ತೂ ಮುಖ್ಯ. ಎಲೆ ಮೇಲೆ ನಿಧಾನಕ್ಕೆ ಒಣಗ್ಬೇಕು, ಒದ್ದೆ ಇರೋ ಅಷ್ಟು ಹೊತ್ತು ಒಳಗೆ ಹೋಗುತ್ತೆ, ಹಾಗಾಗಿ ಬೆಳಿಗ್ಗೆ ಮುಂಚೆ ಇಲ್ಲಾ ಸಂಜೆ. ಸಂಜೆ ತುಂಬಾ ಚಳಿ ಇದ್ರೆ ಅದೂ ವೇಸ್ಟ್, ಮರ ಮಲಗಿರೋವಾಗ ಊಟ ಬಡಿಸಿದ ಹಾಗೆ. ನಾನು ಮಧ್ಯಾಹ್ನ ಇಳಿದು ಸ್ವಲ್ಪ ಬೆಚ್ಚಗೇ ಇದ್ದಾಗ, ಗಾಳಿ ಇಲ್ಲದ್ದು ನೋಡ್ಕೊಂಡು, ಹನಿ ತೊಟ್ಟಿಕ್ಕೋಕೆ ಸ್ವಲ್ಪ ಮುಂಚೆ ನಿಲ್ಲಿಸೋ ಹಾಗೆ ಹೊಡೆದೆ. ಪಂಪು, ನಾಝಲ್ ಹಿಂದಿನ ದಿನವೇ ಖಾಲಿ ನೀರು ಹಾಕಿ ಒಂದು ಮರಕ್ಕೆ ಎಷ್ಟು ಲೀಟರ್ ಹೋಗುತ್ತೆ ಅಂತ ಅಳೆದಿದ್ದು ಉಪಯೋಗಕ್ಕೆ ಬಂತು.

ಆದ್ರೆ ಇಲ್ಲೊಂದು ತಪ್ಪು ಮಾಡ್ದೆ. ಒಂದ್ಸಲಕ್ಕೆ ನಿಲ್ಲಿಸಲಿಲ್ಲ. ಹೋದ ವರ್ಷದ ಭಯ ಮನಸಲ್ಲಿ ಕೂತಿತ್ತಲ್ಲ, ಐದು ದಿನ ಬಿಟ್ಟು ಇನ್ನೊಂದ್ಸಲ ಹೊಡೆದೆ, ಒಳ್ಳೇದಕ್ಕೆ ಸ್ವಲ್ಪ ಜಾಸ್ತಿ ಆದ್ರೆ ಇನ್ನೂ ಒಳ್ಳೇದು ಅಂತ. ಡ್ರಮ್ ಖಾಲಿ ಆಗಿ ಕೊನೇ ಸಾಲಿನ ಐದು ಮರಕ್ಕೆ ಎರಡು ಸಲಾನೂ ಬರಲಿಲ್ಲ, ಬಿಡು ಅಂತ ಬಿಟ್ಟೆ. ಸೋಮಾರಿತನ. ಆದ್ರೆ ಆಮೇಲೆ ನನಗೆ ಸಿಕ್ಕ ಪಾಠ ಪೂರ್ತಿ ಆ ಐದು ಮರದಿಂದಾನೇ.

ಕಾಯಿ ಬಂತಾ? ಬಂತು. ಹೊಡೆದ ಮರಗಳಲ್ಲಿ ಗೊಂಚಲಿಗೊಂದು ಅನ್ನೋ ಹಾಗೆ ಹೀಚು ನಿಂತ್ವು, ಕೊನೇ ಸಾಲಲ್ಲಿ ಬೆರಳೆಣಿಕೆ. ಖುಷಿಯಲ್ಲಿ ಕುಣಿದಾಡ್ಬಿಟ್ಟೆ. ಆಮೇಲೆ ಹೂ ಮುಗಿದು ಒಂದೂವರೆ ತಿಂಗಳ ಆಸುಪಾಸಲ್ಲಿ ಎರಡನೇ ಸುತ್ತು ಉದುರುತ್ತಲ್ಲ, ಜೂನ್ ಡ್ರಾಪ್ ಅಂತ ಕರೀತಾರೆ, ಅದರಲ್ಲಿ ಮತ್ತೆ ಒಂದಷ್ಟು ಹೋದ್ವು. ಉಳಿದಿದ್ದನ್ನ ಕುಯ್ದು ನೋಡಿದ್ರೆ ಉದ್ದುದ್ದ ಮೂತಿ, ಒಳಗೆ ಬೀಜ ಇಲ್ಲ, ನಕ್ಷತ್ರದ ಕೋಣೆಗಳು ಬಾಗಿಲು ಹಾಕಿದ ಮನೆ ತರ ಮುಚ್ಚಿಕೊಂಡಿದ್ವು. ಹಣ್ಣು ಚಿಕ್ಕದು. ಬೀಜ ಕಡಿಮೆ ಇರೋ ಹಣ್ಣಿಗೆ ಕ್ಯಾಲ್ಸಿಯಂ ಕೂಡ ಸರಿಯಾಗಿ ಬರಲ್ಲ, ಇಟ್ಟಿದ್ದರಲ್ಲಿ ಸಿಪ್ಪೆ ಕೆಳಗೆ ಕಂದು ಚುಕ್ಕೆ ಎದ್ದವು ಸುಮಾರಿದ್ವು. ಆದ್ರೂ ಹಿಮ ಬಿದ್ದ ವರ್ಷ ಏನೂ ಇಲ್ಲದ ಜಾಗದಲ್ಲಿ ಏನೋ ಒಂದು ಬಂತಲ್ಲ, ಅದನ್ನ ನಾನು ತೆಗಳಲ್ಲ.

ಬಿಲ್ ಬಂದಿದ್ದು ಮುಂದಿನ ವಸಂತಕ್ಕೆ. ಮೂರನೇ ವರ್ಷ ಮೊಗ್ಗು ಒಡೆಯೋ ಟೈಮಿಗೆ ತೋಟಕ್ಕೆ ಹೋಗಿ ನೋಡ್ತೀನಿ, ಎಲ್ಲಾ ಎಲೆ. ಚೂಪು ಮೊಗ್ಗು, ತೆಳು ಮೊಗ್ಗು, ಬಿಚ್ಚಿದ್ರೆ ಬರೀ ಹಸಿರು. ಹೂ ಇರೋ ದಪ್ಪ ಮೊಗ್ಗು ಹುಡುಕಬೇಕು. ಚಳಿ ಸಾಲಲಿಲ್ವಾ, ಗೊಬ್ಬರ ಹೆಚ್ಚಾಯ್ತಾ ಅಂತ ತಲೆ ಕೆಡಿಸ್ಕೊಂಡು ನಡೀತಾ ನಡೀತಾ ಕೊನೇ ಸಾಲಿಗೆ ಬಂದೆ. ಆ ಐದು ಮರ, ಔಷಧಿ ಕಾಣದ ಐದು ಮರ, ಹೂವಿನಲ್ಲಿ ಮುಳುಗಿಹೋಗಿದ್ವು.

ಅಲ್ಲೇ ನಿಂತುಬಿಟ್ಟೆ ಒಂದು ಹತ್ತು ನಿಮಿಷ. ಕಾರಣ ಗೊತ್ತಾಗೋಕೆ ಪುಸ್ತಕ ಬೇಕಾಗಿರಲಿಲ್ಲ ಆದ್ರೂ ಓದಿ ಖಾತ್ರಿ ಮಾಡ್ಕೊಂಡೆ. ಸೇಬಿನ ಮರ ಮುಂದಿನ ವರ್ಷದ ಹೂವಿನ ಮೊಗ್ಗನ್ನ ಈ ವರ್ಷಾನೇ, ಹೂ ಮುಗಿದ ಕೆಲವೇ ವಾರಕ್ಕೆ ನಿರ್ಧಾರ ಮಾಡಿಬಿಡುತ್ತೆ. ಆ ಹೊತ್ತಲ್ಲಿ ಜಿಬ್ಬರೆಲಿನ್ ಜಾಸ್ತಿ ಇದ್ರೆ ಅದು ಹೂವಿನ ಮೊಗ್ಗಾಗಲ್ಲ, ಎಲೆ ಮೊಗ್ಗಾಗುತ್ತೆ. ಒಂದು ವರ್ಷ ಹೆಚ್ಚು ಕಾಯಿ ಬಿಟ್ಟ ಮರ ಮರುವರ್ಷ ರಜಾ ಹಾಕೋದಕ್ಕೂ ಇದೇ ಕಾರಣಾನ ಮುಖ್ಯವಾಗಿ ಹೇಳ್ತಾರೆ, ಅಷ್ಟೊಂದು ಹಣ್ಣಿನ ಬೀಜಗಳಿಂದ ಬರೋ ಜಿಬ್ಬರೆಲಿನ್ನು. ಜಿಬ್ಬರೆಲಿನ್ ಬಗೆಗಳಲ್ಲಿ ಜಿಎ 7 ಮತ್ತೆ ಜಿಎ 3 ಈ ಕೆಲಸದಲ್ಲಿ ಜೋರು, ಜಿಎ 4 ಅಷ್ಟಿಲ್ಲ. ಹಿಮದ ವರ್ಷ ಕಾಯಿ ಕಡಿಮೆ ಆಗಿದ್ರಿಂದ ಮರಗಳೆಲ್ಲ ಮರುವರ್ಷ ಭರ್ಜರಿ ಹೂ ಬಿಡಬೇಕಿತ್ತು, ಕೊನೇ ಸಾಲು ಬಿಟ್ಟ ಹಾಗೆ. ಎರಡೆರಡು ಸಲ ಹೊಡೆದು ಆ ಲಾಭಾನ ನಾನೇ ಕೈಯಾರೆ ಅಳಿಸಿದ್ದೆ. ಸೊಟ್ಟ ಮೂತಿಯ ಬೀಜ ಇಲ್ಲದ ಒಂದಷ್ಟು ಹಣ್ಣಿಗೆ ಒಂದು ವರ್ಷದ ಹೂವನ್ನ ಅಡ ಇಟ್ಟ ಹಾಗಾಯ್ತು.

ಮೂರನೇ ವರ್ಷ ಹಂಗಾಗಿ ಬೆಳೆ ಲೆಕ್ಕಕ್ಕಿಲ್ಲ, ಓದೋ ವರ್ಷ. ಆಗ ಸಿಕ್ಕಿದ್ದು ಒಂದು ಐಡಿಯಾ, ಇದು ಮೊದ್ಲೇ ಗೊತ್ತಿದ್ರೆ ಎರಡು ವರ್ಷ ಉಳೀತಿತ್ತು. ವಿಲಿಯಮ್ಸ್ ಅನ್ನೋ ಬ್ರಿಟಿಷ್ ಸಂಶೋಧಕ 1960ರ ದಶಕದಲ್ಲಿ ಹೇಳಿದ್ದು. ಹೂವು ಅರಳಿದ ಮೇಲೆ ಒಳಗಿನ ಅಂಡಕ, ಅಂದ್ರೆ ಮುಂದೆ ಬೀಜ ಆಗ್ಬೇಕಾದ್ದು, ಇಂತಿಷ್ಟು ದಿನ ಮಾತ್ರ ಜೀವಂತ ಇರುತ್ತೆ. ಪರಾಗ ಶಲಾಕೆಯ ತುದಿಗೆ ಬಿದ್ದ ಮೇಲೆ ಅದರಿಂದ ಒಂದು ನಾಳ ಮೊಳೆತು ಶಲಾಕೆಯೊಳಗೆ ಇಳಿದು ಅಂಡಕ ಮುಟ್ಬೇಕು, ಅದಕ್ಕೂ ದಿನಗಳು ಬೇಕು. ಮೊದಲಿನದರಿಂದ ಎರಡನೇದನ್ನ ಕಳೀರಿ, ಉಳಿದಿದ್ದೇ ಜೇನುಹುಳಕ್ಕೆ ಸಿಗೋ ನಿಜವಾದ ಟೈಮು. ಅಂಡಕ ಏಳು ದಿನ ಬದುಕಿದೆ ಅನ್ಕೊಳ್ಳಿ, ನಾಳ ಇಳಿಯೋಕೆ ಐದು ದಿನ ಅನ್ಕೊಳ್ಳಿ, ಹೂವು ಒಂದು ವಾರ ನಗ್ತಾ ನಿಂತಿದ್ರೂ ನಿಮಗೆ ಸಿಗೋದು ಮೊದಲಿನ ಎರಡೇ ದಿನ. ಮೂರನೇ ದಿನ ಬಿದ್ದ ಪರಾಗ ಹೋಗಿ ಬಾಗಿಲು ತಟ್ಟೋ ಹೊತ್ತಿಗೆ ಒಳಗಿರೋದು ಸತ್ತಿರುತ್ತೆ. ಚಳಿ ಜಾಸ್ತಿ ಇದ್ರೆ ನಾಳ ತೆವಳುತ್ತೆ, 10 ಡಿಗ್ರಿ ಕೆಳಗೆ ಹೆಚ್ಚೂಕಮ್ಮಿ ನಿಂತೇ ಬಿಡುತ್ತೆ, ಜೇನೂ ಗೂಡಿಂದ ಈಚೆಗೆ ಬರಲ್ಲ. ರೆಡ್ ಡೆಲಿಷಿಯಸ್‌ಗೆ ಈ ಕಿಟಕಿ ಮೊದ್ಲೇ ಚಿಕ್ಕದು.

ಇದು ತಲೆಗೆ ಹೋದ ಮೇಲೆ ಔಷಧಿಗಳ ಬಗ್ಗೆ ಯೋಚನೆ ಮಾಡೋ ರೀತೀನೇ ಬದಲಾಯ್ತು. ಕಾಯಿ ಕಚ್ಚಿಸೋ ಔಷಧಿ ಯಾವ್ದು ಅಂತ ಹುಡುಕ್ತಿದ್ದೆ, ಈಗ ಕಿಟಕಿ ದೊಡ್ಡದು ಮಾಡೋದು ಹೆಂಗೆ ಅಂತ. ಕೊಯ್ಲಾದ ಮೇಲೆ ಎಲೆ ಉದುರೋಕೆ ಮುಂಚೆ ಸ್ವಲ್ಪ ಸಾರಜನಕ, ಅದರಿಂದ ಮುಂದಿನ ವರ್ಷದ ಹೂವು ಗಟ್ಟಿ, ಅಂಡಕದ ಆಯಸ್ಸು ಜಾಸ್ತಿ. ಮೊಗ್ಗು ಗುಲಾಬಿ ತಿರುಗೋವಾಗ 0.1 ಪರ್ಸೆಂಟ್ ಬೋರಿಕ್ ಆಸಿಡ್, ಅಂದ್ರೆ ಲೀಟರಿಗೆ ಒಂದು ಗ್ರಾಂ, ಪರಾಗನಾಳ ಬೆಳೆಯೋಕೆ ಬೋರಾನ್ ಬೇಕು. ಇವೆರಡೂ ಹಾರ್ಮೋನ್ ಅಲ್ಲ, ರೇಟೂ ಜಾಸ್ತಿ ಇಲ್ಲ, ಅದಕ್ಕೇ ಇರ್ಬೇಕು ಯಾರೂ ಬಂದು ಇದನ್ನ ಹಾಕಿ ಅಂತ ಜೋರು ಮಾಡಲ್ಲ.

ಹಾರ್ಮೋನ್ ಕಡೆಯಿಂದ ಇದಕ್ಕೆ ಹೊಂದೋದು ಎವಿಜಿ, ಅಂದ್ರೆ ಅಮೈನೋಎಥಾಕ್ಸಿ ವಿನೈಲ್ ಗ್ಲೈಸಿನ್. ಇದು ತಾನೇ ಏನನ್ನೂ ಬೆಳೆಸಲ್ಲ, ಗಿಡದೊಳಗೆ ಎಥಿಲೀನ್ ತಯಾರಾಗೋ ದಾರೀಲಿ ಎಸಿಸಿ ಸಿಂಥೇಸ್ ಅನ್ನೋ ಕಿಣ್ವ ಇದೆ, ಅದರ ಕೈ ಕಟ್ಟುತ್ತೆ. ಎಥಿಲೀನ್ ಅಂದ್ರೆ ಮುದಿತನದ ಗಾಳಿ, ಹೂವು ಬಾಡೋದು, ತೊಟ್ಟು ಕಳಚೋದು, ಹಣ್ಣು ಮಾಗೋದು ಎಲ್ಲಾ ಅದರ ಕೈವಾಡ. ಅದು ಕಡಿಮೆ ಆದ್ರೆ ಹೂವು ಒಂದೆರಡು ದಿನ ಜಾಸ್ತಿ ಬಾಳುತ್ತೆ, ಹೀಚಿನ ತೊಟ್ಟು ಅಷ್ಟು ಬೇಗ ಬಿಟ್ಟು ಕೊಡಲ್ಲ. ಇದನ್ನ ಹೆಚ್ಚಾಗಿ ಬಳಸೋದು ಕೊಯ್ಲಿಗೆ ಮುಂಚೆ ಸೇಬು ಉದುರದ ಹಾಗೆ, ಮಾಗೋದು ತಡ ಆಗೋ ಹಾಗೆ. ಹೂವಿನ ಹಂತಕ್ಕೆ ಬಳಸ್ಬಹುದಾ ಇಲ್ವಾ ಅನ್ನೋದು ಒಂದೊಂದು ದೇಶದಲ್ಲಿ ಒಂದೊಂದು ಬೆಳೆಗೆ ಒಂದೊಂದು ತರ, ಲೇಬಲ್‌ನಲ್ಲಿ ಬರೆದಿಲ್ಲ ಅಂದ್ರೆ ಹೊಡೀಬೇಡಿ, ನನಗೆ ಸಿಕ್ಕಿದ್ದರಲ್ಲಿ ಬರೆದಿತ್ತು ಅಂತ ಹೊಡೆದೆ.

ನಾಲ್ಕನೇ ವರ್ಷ. ಈ ಸಲ ಬುದ್ಧಿ ಕಲಿತಿದ್ದೆ, ತೋಟಕ್ಕೆ ತೋಟ ಹೊಡೀಲಿಲ್ಲ. ಒಂದೇ ವಯಸ್ಸಿನ, ಒಂದೇ ದಪ್ಪದ ಹನ್ನೆರಡು ಮರ ಆರಿಸಿದೆ. ನಾಲ್ಕಕ್ಕೆ ಎವಿಜಿ. ನಾಲ್ಕಕ್ಕೆ ಪ್ರೊಹೆಕ್ಸಾಡಿಯೋನ್ ಕ್ಯಾಲ್ಸಿಯಂ, ಇದು ಜಿಬ್ಬರೆಲಿನ್‌ಗೆ ಉಲ್ಟಾ, ಗಿಡದೊಳಗೆ ಅದು ತಯಾರಾಗೋದನ್ನ ತಡೆಯುತ್ತೆ, ಚಿಗುರಿನ ಓಟ ನಿಲ್ಲುತ್ತೆ, ಹೀಚಿನ ಬಾಯಿಂದ ಚಿಗುರು ಕಿತ್ಕೊಳ್ತಿದ್ದ ಆಹಾರ ಹೀಚಿಗೇ ಉಳಿಯುತ್ತೆ. ಉಳಿದ ನಾಲ್ಕಕ್ಕೆ ಏನೂ ಇಲ್ಲ, ಬರೀ ನೀರು. ಪ್ರತಿ ಮರದಲ್ಲಿ ಮೂರು ಕೊಂಬೆಗೆ ಬಣ್ಣದ ದಾರ ಕಟ್ಟಿ ಗೊಂಚಲು ಎಣಿಸಿ ನೋಟ್ ಬುಕ್ಕಲ್ಲಿ ಬರೆದೆ. ಎಣಿಸೋದು ಬೋರಿಂಗ್ ಕೆಲಸ, ಕತ್ತು ನೋವು, ಆದ್ರೆ ಎಣಿಸದೇ ಔಷಧಿ ಕೆಲಸ ಮಾಡ್ತು ಅಂತ ಹೇಳೋರ ಮಾತು ನಾನೀಗ ನಂಬಲ್ಲ, ನನ್ನ ಮಾತೂ ಸೇರಿಸಿ.

ಪ್ರೊಹೆಕ್ಸಾಡಿಯೋನ್ ಹೊಡೆಯೋಕೆ ಚಿಗುರು 2ರಿಂದ 5 ಸೆಂ.ಮೀ. ಇರ್ಬೇಕು, ಹೂವಿನ ದಳ ಉದುರೋ ಟೈಮು ಸರಿಯಾಗಿ ಅದೇ. ಇದಕ್ಕೆ ಗಡಸು ನೀರು ಆಗಲ್ಲ, ನೀರಲ್ಲಿರೋ ಕ್ಯಾಲ್ಸಿಯಂ ಇದನ್ನ ಹಿಡ್ಕೊಂಡುಬಿಡುತ್ತೆ, ಅದಕ್ಕೆ ಅಮೋನಿಯಂ ಸಲ್ಫೇಟ್ ಮೊದ್ಲು ಕರಗಿಸ್ಕೋಬೇಕು. ಕ್ಯಾಲ್ಸಿಯಂ ಸ್ಪ್ರೇ ಜೊತೆ ಬೆರೆಸ್ಬಾರ್ದು. ಹಿಂದಿನ ಸಲದ ಜಿಬ್ಬರೆಲಿನ್ ಮಿಶ್ರಣ ಇದರ ಜೊತೆಗೆ ಹೊಡೆದ್ರೆ ಅಂತೂ ಒಂದು ಕಾಲು ಗ್ಯಾಸ್ ಮೇಲೆ ಇನ್ನೊಂದು ಬ್ರೇಕ್ ಮೇಲೆ ಇಟ್ಟ ಹಾಗೆ.

ಮತ್ತೆ ಅಳತೆ. ಇಲ್ಲಿ ಎಡವೋರು ಜಾಸ್ತಿ ಅದಕ್ಕೆ ಹೇಳ್ತೀನಿ. ಒಂದು ಪಿಪಿಎಂ ಅಂದ್ರೆ ಲೀಟರಿಗೆ ಒಂದು ಮಿಲಿಗ್ರಾಂ ಅಸಲಿ ವಸ್ತು, ಬಾಟ್ಲಿಯಲ್ಲಿರೋ ದ್ರಾವಣ ಅಲ್ಲ. ನನ್ನ ಹಳೇ ಎನ್‌ಎಎ ಬಾಟ್ಲಿ 4.5 ಪರ್ಸೆಂಟ್. ನೂರು ಲೀಟರಿಗೆ 10 ಪಿಪಿಎಂ ಬೇಕಂದ್ರೆ ಅಸಲಿ ವಸ್ತು ಒಂದು ಗ್ರಾಂ, 4.5 ಗ್ರಾಂ ಇರೋದು 100 ಮಿ.ಲೀ.ನಲ್ಲಿ, ಹಾಗಾಗಿ ಒಂದು ಗ್ರಾಮಿಗೆ ಸುಮಾರು 22 ಮಿ.ಲೀ. ಮುಚ್ಚಳದಲ್ಲಿ ಅಂದಾಜಿಗೆ ಸುರಿಯೋ ವಸ್ತು ಅಲ್ಲ ಇದು, ಇಂಜೆಕ್ಷನ್ ಸಿರಿಂಜು ತಗೊಳ್ಳಿ. ಅದೇ ತರ ರೆಡ್ ಡೆಲಿಷಿಯಸ್‌ಗೆ ಎನ್‌ಎಎ ಮತ್ತೆ ಬೆಂಜೈಲ್ ಅಡೆನಿನ್ ಒಟ್ಟಿಗೆ ಹೊಡೀಬಾರ್ದು, ಎನ್‌ಎಎ ಥಿನ್ನಿಂಗಿಗೆ ತಡವಾಗಿಯೂ ಹೊಡೀಬಾರ್ದು, ಉದುರೂ ಉದುರದೆ ಬೆಳೆದೂ ಬೆಳೆಯದೆ ಗೋಲಿ ಗಾತ್ರದಲ್ಲೇ ಮರಕ್ಕಂಟಿಕೊಂಡು ಕೂರೋ ಕುಳ್ಳ ಹಣ್ಣುಗಳು ಬರ್ತಾವೆ. ಮೊದಲನೇ ವರ್ಷ ನನ್ನ ತೋಟದಲ್ಲೂ ಅಂಥವು ಒಂದಷ್ಟಿದ್ವು, ಆಗ ಏನೋ ರೋಗ ಅನ್ಕೊಂಡಿದ್ದೆ.

ಎರಡನೇ ವರ್ಷ ಕಸಿ ಮಾಡಿದ್ದ ಗೋಲ್ಡನ್ ರೆಂಬೆಗಳು ಈ ನಾಲ್ಕನೇ ವರ್ಷ ಮೊದಲ ಸಲ ಹೂ ಬಿಟ್ವು. ಜೇನು ಪೆಟ್ಟಿಗೆಗಳನ್ನ ಹೂವು ನೂರಕ್ಕೆ ಹತ್ತರಷ್ಟು ಅರಳಿದ ಮೇಲೆ ತಂದಿಟ್ಟೆ, ಮುಂಚೇನೇ ತಂದ್ರೆ ಅವು ಬೇರೆ ಹೂವಿನ ದಾರಿ ಕಲಿತು ಅಲ್ಲಿಗೇ ಹೋಗ್ತಾವೆ. ಸ್ಪ್ರೇ ಹೊಡೆಯೋದು ಮಾತ್ರ ಅವು ಗೂಡು ಸೇರಿದ ಮೇಲೆ. ಹೂ ಬಿಟ್ಟಾಗ ನಾಲ್ಕು ದಿನ ಮೋಡ, ಜಿಟಿಜಿಟಿ ಮಳೆ, 11-12 ಡಿಗ್ರಿ, ನನ್ನ ಎದೆ ಧಸಕ್ ಅಂತು, ಆದ್ರೆ ಐದನೇ ದಿನ ಬಿಸಿಲು ಬಿದ್ದು ಜೇನು ಮುತ್ತಿಕೊಂಡ್ವು.

ಎರಡು ತಿಂಗಳಿಗೆ ದಾರ ಕಟ್ಟಿದ ಕೊಂಬೆ ಎಣಿಸಿದೆ. ಎವಿಜಿ ಹೊಡೆದ ನಾಲ್ಕು ಮರ ಮುಂದೆ, ಅದರಲ್ಲಿ ಡೌಟೇ ಇಲ್ಲ, ಗೊಂಚಲಿಗೆ ಎರಡೆರಡು ಮೂರ್ಮೂರು ಕಾಯಿ. ಪ್ರೊಹೆಕ್ಸಾಡಿಯೋನ್ ಮರಗಳಲ್ಲಿ ಕಾಯಿ ಸ್ವಲ್ಪ ಜಾಸ್ತಿ, ಆದ್ರೆ ಕಣ್ಣಿಗೆ ಹೊಡೆದಿದ್ದು ಚಿಗುರು, ಪಕ್ಕದ ಮರದ್ದು ಮೊಳ ಉದ್ದ ಇದ್ರೆ ಇದರದ್ದು ಗೇಣು. ಆದ್ರೆ ನಾನು ನಿರೀಕ್ಷೆ ಮಾಡದೇ ಇದ್ದಿದ್ದು ಬರೀ ನೀರು ಕುಡಿದ ನಾಲ್ಕು ಮರ. ಅವೂ ತುಂಬಿದ್ವು. ಎವಿಜಿಯಷ್ಟಲ್ಲ, ಆದ್ರೆ ನನಗೆ ಬೇಕಾದ್ದಕ್ಕಿಂತ ಜಾಸ್ತೀನೇ. ಹೀಚು ಕುಯ್ದೆ, ಎಂಟು ಬೀಜ, ಒಂಬತ್ತು ಬೀಜ, ಒಂದರಲ್ಲಿ ಹತ್ತಕ್ಕೆ ಹತ್ತು. ಕಸಿ ರೆಂಬೆ, ಜೇನು, ಬೋರಾನ್, ಇವಿಷ್ಟರಲ್ಲೇ ನನ್ನ ತೊಂದ್ರೆ ಮುಕ್ಕಾಲು ತೀರಿತ್ತು. ಆ ಮಳೆ ನಾಲ್ಕರ ಬದಲು ಏಳು ದಿನ ಹೊಡೆದಿದ್ರೆ ಎವಿಜಿಯ ಎರಡು ದಿನದ ಬೆಲೆ ಗೊತ್ತಾಗ್ತಿತ್ತೇನೋ, ಹಾಗಾಗಿ ಅದನ್ನ ನಾನು ಬಿಟ್ಟಿಲ್ಲ, ಹೂವಿನ ವಾರದ ಹವಾಮಾನ ನೋಡ್ಕೊಂಡು ಬೇಕಾದ್ರೆ ತೆಗೀತೀನಿ.

ಎಣಿಕೆ ಮುಗಿಸಿ ಹಿಂದೆ ಸರಿದು ಮರ ನೋಡಿದ್ರೆ ಹೊಸ ತಲೆನೋವು. ಇಷ್ಟೂ ಕಾಯಿ ಬಿಟ್ರೆ ಹಣ್ಣೆಲ್ಲ ಪುಟಾಣಿ, ಮುಂದಿನ ವರ್ಷ ಮತ್ತೆ ಹೂ ಇಲ್ಲ, ಆ ಬೀಜಗಳ ಜಿಬ್ಬರೆಲಿನ್ ಕೆಲಸ ಮಾಡುತ್ತಲ್ಲ. ಮುಂದಿನ ವರ್ಷದ ಹೂವಿಗೆ ತಡ ಆಯ್ತೇನೋ, ಹಣ್ಣಿನ ಗಾತ್ರಕ್ಕಾದ್ರೂ ಕಳಚ್ಬೇಕು. ಕಳಚೋಕೆ ಇರೋ ಔಷಧಿ ಎನ್‌ಎಎ, ಅದಕ್ಕೆ ಬೇಕಾದ 8ರಿಂದ 12 ಮಿ.ಮೀ. ಹಂತ ದಾಟಿ ಎಷ್ಟೋ ದಿನ ಆಗಿತ್ತು. ಬೇಡ್ದೇ ಇದ್ದಾಗ ಸರಿಯಾದ ದಿನಕ್ಕೆ ಹೊಡೆದಿದ್ದೆ, ಬೇಕಾದಾಗ ದಿನ ಕಳ್ಕೊಂಡೆ.

ಏಣಿ ಹಾಕ್ಕೊಂಡು ಹತ್ತಿದೆ. ಗೊಂಚಲಲ್ಲಿ ನಡುವಿನ ದಪ್ಪಂದು ಎರಡು ಬೆರಳಲ್ಲಿ ಹಿಡ್ಕೊಂಡು ಪಕ್ಕದವನ್ನ ಹೆಬ್ಬೆರಳಲ್ಲಿ ಹಿಂದಕ್ಕೆ ಒತ್ತಿದ್ರೆ ಟಕ್ ಅಂತ ಬರುತ್ತೆ. ನಾಲ್ಕು ದಿನ ಅದೇ ಕೆಲಸ, ಟಕ್ ಟಕ್, ಬಕೆಟ್ ತುಂಬಾ ಹೀಚು. ಕೊನೇ ಸಾಲಿನ ಐದು ಮರ ಇನ್ನೂ ಬಾಕಿ ಇದೆ, ನಾಳೆ ಬೆಳಿಗ್ಗೆ ಅಲ್ಲಿಂದ ಶುರು ಮಾಡ್ಬೇಕು.